ಚುಕ್ಕಿ ಮಾಯವಾದ ವಿಡಿಯೊ

"ವಿಡಿಯೊ ಕಳಿಸಿದೀನಿ, ಬಂತಾ?"

"ಬಂತು. ಆದ್ರೆ ಯಾರು ಯಾರು ಅಂತಾನೇ ಗೊತ್ತಾಗ್ತಿಲ್ಲ."

ಮದುವೆ, ಉಪನಯನ, ಶಾಲೆಯ ವಾರ್ಷಿಕೋತ್ಸವ, ಯಾವುದೇ ಮುಗಿಯಲಿ, ಮಾರನೆಯ ದಿನ ಮನೆಮನೆಯಲ್ಲೂ ಕೇಳಿಬರುವ ಮಾತು ಇದು. ಕಳಿಸಿದವರ ಫೋನಿನಲ್ಲಿ ಮದುಮಗಳ ಸೀರೆಯ ಜರಿ ಎಳೆ ಎಳೆಯಾಗಿ ಹೊಳೆಯುತ್ತಿರುತ್ತದೆ. ಅದೇ ವಿಡಿಯೊ ಊರಿನಲ್ಲಿರುವ ಅಜ್ಜಿಯ ಫೋನಿಗೆ ಬರುವಷ್ಟರಲ್ಲಿ ಜರಿಯೆಲ್ಲ ಕರಗಿ ಹಳದಿ ಪಟ್ಟಿಯಾಗಿರುತ್ತದೆ. ಅಜ್ಜಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡು ಇನ್ನೊಮ್ಮೆ ನೋಡುತ್ತಾರೆ. ಕನ್ನಡಕದ ತಪ್ಪೇನೂ ಇರುವುದಿಲ್ಲ.

ಹಾಗಾದರೆ ಜರಿ ದಾರಿಯಲ್ಲಿ ಎಲ್ಲಿ ಉದುರಿತು? ನಾನು ಇದರ ಹಿಂದೆ ಬಿದ್ದದ್ದು ಒಂದು ರಂಗೋಲಿಯ ಕಾರಣಕ್ಕೆ. ಆ ಕಥೆ ಆಮೇಲೆ ಹೇಳುತ್ತೇನೆ. ಮೊದಲು ಒಂದು ಲೆಕ್ಕ. ಮನೆಯಲ್ಲಿ ಗುಣಾಕಾರ ಬರುವ ಮಕ್ಕಳಿದ್ದರೆ ಕಾಗದ, ಪೆನ್ಸಿಲ್ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಳ್ಳಿ.

ವಿಡಿಯೊ ಎಂದರೆ ಒಂದರ ಹಿಂದೊಂದು ಸರಸರನೆ ಓಡುವ ಚಿತ್ರಗಳು, ಸಾಮಾನ್ಯವಾಗಿ ಸೆಕೆಂಡಿಗೆ 30. ನಾವು ಫುಲ್ ಎಚ್‌ಡಿ ಎನ್ನುವ ಚಿತ್ರದಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳು. ಗುಣಿಸಿದರೆ 20,73,600. ಒಂದೊಂದು ಚುಕ್ಕಿಯಲ್ಲೂ ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಎಂದು ಬರೆದಿಡಲು 3 ಬೈಟ್ ಬೇಕು. ಅಲ್ಲಿಗೆ ಒಂದು ಚಿತ್ರಕ್ಕೆ 62 ಲಕ್ಷ ಬೈಟ್, ಒಂದು ಸೆಕೆಂಡಿಗೆ 18 ಕೋಟಿಗೂ ಹೆಚ್ಚು, ಒಂದು ನಿಮಿಷಕ್ಕೆ ಸುಮಾರು 11 ಜಿಬಿ. ಇದ್ದದ್ದನ್ನು ಇದ್ದ ಹಾಗೆ ಬರೆದಿಡುವುದಾದರೆ ಮೂರು ಗಂಟೆಯ ಮದುವೆಗೆ 2000 ಜಿಬಿ ಬೇಕು. ಮಾಂಗಲ್ಯಧಾರಣೆಗೆ ಮೊದಲೇ ಫೋನ್ ತುಂಬಿಹೋಗುತ್ತದೆ.

ಆದರೆ ನಿಮ್ಮ ಫೋನು ಅದೇ ಒಂದು ನಿಮಿಷವನ್ನು 60ರಿಂದ 130 ಎಂಬಿ ಒಳಗೆ ಮುಗಿಸುತ್ತದೆ. ಅಂದರೆ ನೂರರಲ್ಲಿ ಒಂದು ಪಾಲು, ಕೆಲವೊಮ್ಮೆ ಅದಕ್ಕೂ ಕಡಿಮೆ. ನೀವು ವಿಡಿಯೊ ತೆಗೆಯುತ್ತಿರುವಾಗಲೇ ಫೋನು ಒಳಗೊಳಗೆ ಕುಗ್ಗಿಸುತ್ತ ಕೂತಿರುತ್ತದೆ. ಹೆಚ್ಚು ಹೊತ್ತು ಶೂಟ್ ಮಾಡಿದರೆ ಅದು ಬಿಸಿಯಾಗುವುದಕ್ಕೆ ಈ ದುಡಿಮೆಯೂ ಒಂದು ಕಾರಣ.

ಈ ಕುಗ್ಗಿಸುವ ವಿದ್ಯೆಯ ಬೇರು ಹುಡುಕುತ್ತ ಹೋದರೆ ನಮ್ಮ ಬೆಂಗಳೂರಿನ ಒಬ್ಬರು ಸಿಗುತ್ತಾರೆ. ನಾಸಿರ್ ಅಹ್ಮದ್ ಹುಟ್ಟಿದ್ದು 1940ರಲ್ಲಿ, ಬೆಂಗಳೂರಿನಲ್ಲಿ. ಓದಿದ್ದು ಕೆ.ಆರ್. ಸರ್ಕಲ್ಲಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಈಗ ನಾವು ಯುವಿಸಿಇ ಎನ್ನುತ್ತೇವಲ್ಲ, ಅಲ್ಲಿ. 1961ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ ಪಡೆದು ಅಮೆರಿಕಕ್ಕೆ ಹೋದರು. ಅಲ್ಲಿ ಕ್ಯಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದಾಗ ಚಿತ್ರಗಳನ್ನು ಕುಗ್ಗಿಸಲು ಒಂದು ಗಣಿತದ ಉಪಾಯ ಹೊಳೆಯಿತು. 1972ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅರ್ಜಿ ಹಾಕಿ, ಇದರ ಮೇಲೆ ಕೆಲಸ ಮಾಡಲು ಹಣ ಕೊಡಿ ಎಂದು ಕೇಳಿದರು. ಸಿಗಲಿಲ್ಲ. ಅವರು ಬಿಡಲಿಲ್ಲ. ತಮ್ಮ ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಗೆಳೆಯ ಕೆ.ಆರ್. ರಾವ್ ಅವರನ್ನು ಸೇರಿಸಿಕೊಂಡು 1974ರ ಜನವರಿಯಲ್ಲಿ ಕೆಲವೇ ಪುಟಗಳ ಒಂದು ಲೇಖನ ಪ್ರಕಟಿಸಿದರು. ಅದರ ಹೆಸರು ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್. ಹೆಸರು ಕೇಳಿ ಗಾಬರಿಯಾಗಬೇಡಿ. ನಿಮ್ಮ ಫೋನಿನ ಜೆಪಿಇಜಿ ಫೋಟೊಗಳು, ಯೂಟ್ಯೂಬಿನಲ್ಲಿ ನೋಡುವ ಅಡುಗೆ, ವಾಟ್ಸ್‌ಆ್ಯಪ್‌ನಲ್ಲಿ ಬರುವ ಮೊಮ್ಮಗುವಿನ ಮೊದಲ ಹೆಜ್ಜೆ, ಇವೆಲ್ಲದರ ಹಿಂದೆ ಇರುವುದು ಈ ಉಪಾಯ ಅಥವಾ ಇದರ ಮರಿಗಳು. 2021ರಲ್ಲಿ ಅಮೆರಿಕದ 'ದಿಸ್ ಈಸ್ ಅಸ್' ಎಂಬ ಟೀವಿ ಧಾರಾವಾಹಿಯ ಒಂದು ಕಂತಿನಲ್ಲಿ ನಾಸಿರ್ ಮತ್ತು ಅವರ ಪತ್ನಿ ಎಸ್ತರ್ ಅವರ ಕಥೆಯೂ ಬಂತು. ಕೊರೊನಾ ಕಾಲದಲ್ಲಿ ದೂರ ದೂರ ಇದ್ದವರು ಪರದೆಯ ಮೇಲೆ ಒಬ್ಬರ ಮುಖ ಒಬ್ಬರು ನೋಡುವಂತಾದದ್ದು ಹೇಗೆ ಎಂದು ಹೇಳುವ ಕಂತು ಅದು. ಅವರು ಹುಟ್ಟಿ ಓದಿದ ಊರಿನಲ್ಲಿ ಅವರ ಹೆಸರು ಗೊತ್ತಿರುವ ಮಕ್ಕಳು ಎಷ್ಟಿದ್ದಾರು? ಇದು ನನ್ನದೊಂದು ಕೊರಗು.

ಉಪಾಯವನ್ನು ಸೀರೆಗೆ ಅಚ್ಚು ಒತ್ತುವವರ ಕೆಲಸಕ್ಕೆ ಹೋಲಿಸಿ ನೋಡಬಹುದು. ಚಿತ್ರವನ್ನು ಚಿಕ್ಕ ಚಿಕ್ಕ ಚೌಕಗಳಾಗಿ ಕತ್ತರಿಸುತ್ತಾರೆ. ಜೆಪಿಇಜಿ ಫೋಟೊದಲ್ಲಾದರೆ ಅಡ್ಡ 8, ಉದ್ದ 8, ಒಟ್ಟು 64 ಚುಕ್ಕಿಗಳ ಚೌಕ. ವಿಡಿಯೊದಲ್ಲಿ ಚೌಕದ ಅಳತೆ ಬೇರೆ ಬೇರೆ ಇರುತ್ತದೆ. ಈಗ ನಿಮ್ಮ ಬಳಿ 64 ಅಚ್ಚುಗಳಿವೆ ಎಂದುಕೊಳ್ಳಿ. ಮೊದಲನೆಯದು ಬರೀ ಸಾದಾ ಬಣ್ಣ. ಮುಂದಿನವು ಒಂದು ಕಡೆಯಿಂದ ಇನ್ನೊಂದು ಕಡೆಗೆ ಮೆಲ್ಲಗೆ ಗಾಢವಾಗುವ ಛಾಯೆ. ಆಮೇಲೆ ದಪ್ಪ ಪಟ್ಟೆ, ಸಣ್ಣ ಪಟ್ಟೆ. ಕೊನೆಕೊನೆಯವು ಸಾಸಿವೆ ಕಾಳಿನಷ್ಟು ಚಿಕ್ಕ ಚೌಕಳಿ. ಯಾವ ಅಚ್ಚನ್ನು ಎಷ್ಟು ಒತ್ತಬೇಕು ಎಂಬ ಅಳತೆ ಗೊತ್ತಿದ್ದರೆ ಯಾವ ಚೌಕವನ್ನಾದರೂ ಮತ್ತೆ ಮೂಡಿಸಬಹುದು.

ಇಲ್ಲಿ ಒಂದು ಚಮತ್ಕಾರವಿದೆ. ನಮ್ಮ ಕಣ್ಣಿಗೆ ಮುಖ್ಯವಾಗಿ ಬೇಕಾದದ್ದು ಮೊದಲ ಕೆಲವು ಅಚ್ಚುಗಳು ಮಾತ್ರ. ಕೊನೆಯ ಸಣ್ಣ ಚೌಕಳಿ ಅಚ್ಚುಗಳನ್ನು ಬಿಟ್ಟರೂ ದೂರದಿಂದ ಸೀರೆ ಸೀರೆಯ ಹಾಗೇ ಕಾಣುತ್ತದೆ. ಹಾಗಾಗಿ ಅವುಗಳ ಅಳತೆ ತೀರಾ ಕಡಿಮೆಯಿದ್ದರೆ ಸೊನ್ನೆ ಎಂದು ಬರೆದುಕೊಂಡು ಮುಂದೆ ಹೋಗುತ್ತಾರೆ. ಇದರ ಜೊತೆಗೆ ಇನ್ನೊಂದು ಉಳಿತಾಯವಿದೆ. ಹಿಂದಿನ ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ಗೋಡೆ, ಕಂಬ, ಚಪ್ಪರ ಎಲ್ಲ ಹಾಗೇ ಇರುವುದರಿಂದ ಬದಲಾದದ್ದನ್ನು ಮಾತ್ರ ಬರೆದುಕೊಂಡರೆ ಸಾಕು.

ಫೋನು ಮೊದಲ ಸಲ ಹೀಗೆ ಕುಗ್ಗಿಸಿದಾಗ ನಮಗೆ ಏನೂ ತಿಳಿಯುವುದಿಲ್ಲ. ಆದರೆ ಅದೇ ವಿಡಿಯೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದಾಗ ಇನ್ನೊಮ್ಮೆ, ಈ ಬಾರಿ ಬಲವಾಗಿ, ಕುಗ್ಗಿಸಲಾಗುತ್ತದೆ. ಬೇಗ ತಲುಪಬೇಕು, ಯಾವ ಹಳ್ಳಿಯ ನೆಟ್‌ವರ್ಕಿನಲ್ಲೂ ಓಡಬೇಕು ಎಂಬುದು ಅದರ ಉದ್ದೇಶ, ಅದು ತಪ್ಪೂ ಅಲ್ಲ. ಕೊನೆಯ ಅಚ್ಚುಗಳ ಜೊತೆ ನಡುವಿನ ಅಚ್ಚುಗಳೂ ಈಗ ಸೊನ್ನೆಯಾಗುತ್ತವೆ. ಜರಿ ಕರಗುವುದು ಅಲ್ಲೇ. ಸೊನ್ನೆ ಎಂದು ಒಮ್ಮೆ ಬರೆದದ್ದನ್ನು ಮತ್ತೆ ಯಾರೂ ತುಂಬಿಕೊಡಲಾರರು. 'ಕ್ಲಿಯರ್ ಮಾಡಿಕೊಡುತ್ತೇವೆ' ಎನ್ನುವ ಆ್ಯಪ್‌ಗಳು ತುಂಬುವುದು ತಮ್ಮ ಊಹೆಯನ್ನು.

ಈಗ ರಂಗೋಲಿಯ ವಿಷಯ.

ಸಾಗರದ ಕಡೆ ಹಳ್ಳಿಯಲ್ಲಿದ್ದ ನನ್ನ ಸೋದರತ್ತೆ ದೀಪಾವಳಿಗೆ ಹಾಕುತ್ತಿದ್ದ ರಂಗೋಲಿಯೊಂದಿತ್ತು. ನಡುವಿನ ಸಾಲಿಗೆ 15 ಚುಕ್ಕಿ. ಮೇಲಕ್ಕೂ ಕೆಳಕ್ಕೂ ಒಂದೊಂದೇ ಕಡಿಮೆಯಾಗುತ್ತ ಬಂದು 8ಕ್ಕೆ ನಿಲ್ಲಬೇಕು. ಅವರಿಗೆ ಅದು ಅವರ ಅಜ್ಜಿಯಿಂದ ಬಂದದ್ದು. ಯಾವ ಪುಸ್ತಕದಲ್ಲೂ ಬರೆದಿಟ್ಟಿರಲಿಲ್ಲ. "ಕೈಗೆ ಗೊತ್ತಿದೆ, ತಲೆಗೆ ಗೊತ್ತಿಲ್ಲ" ಎನ್ನುತ್ತಿದ್ದರು. ಕೇಳಿದರೆ ಹೇಳಲು ಬರುತ್ತಿರಲಿಲ್ಲ, ಹಾಕಿ ತೋರಿಸಲು ಬರುತ್ತಿತ್ತು. ಎರಡು ವರ್ಷದ ಹಿಂದಿನ ದೀಪಾವಳಿಯಲ್ಲಿ ಪಿಯುಸಿ ಓದುತ್ತಿದ್ದ ಅವರ ಮೊಮ್ಮಗ ಜಗಲಿಯ ಮೇಲೆ ಸ್ಟೂಲು ಹಾಕಿ ನಿಂತು ಮೊದಲಿನಿಂದ ಕೊನೆಯವರೆಗೆ 11 ನಿಮಿಷ ವಿಡಿಯೊ ತೆಗೆದ. ಒಳ್ಳೆಯ ಫೋನು, 4ಕೆ ಚಿತ್ರೀಕರಣ, ಬೆಳಗಿನ ಬೆಳಕು. ಸಗಣಿ ಸಾರಿಸಿದ ಅಂಗಳದ ಮೇಲೆ ಒಂದೊಂದು ಚುಕ್ಕಿಯೂ ಅಕ್ಕಿಕಾಳಿನ ಹಾಗೆ ಕಾಣುತ್ತಿತ್ತಂತೆ. ಹತ್ತಿರ ಹತ್ತಿರ ಎರಡು ಜಿಬಿ ಇದ್ದ ಆ ವಿಡಿಯೊವನ್ನು ಅವನು ಕುಟುಂಬದ ಗುಂಪಿಗೆ ಹಾಕಿದ. ಎಲ್ಲರೂ ಕೈಮುಗಿಯುವ ಚಿತ್ರ, ಹೂವಿನ ಚಿತ್ರ ಒತ್ತಿದರು. ಗುಂಪಿನಲ್ಲಿ ಇದೆಯಲ್ಲ ಎಂದು ಫೋನಿನಲ್ಲಿದ್ದದ್ದನ್ನು ಅವನು ಸಂಕ್ರಾಂತಿಯ ಹೊತ್ತಿಗೆ ಅಳಿಸಿದ. ಜಾಗ ತುಂಬಿತ್ತು. ಅವನ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು.

ಯುಗಾದಿ ಕಳೆದು ವಾರಕ್ಕೆ ಅತ್ತೆ ತೀರಿಕೊಂಡರು.

ಮುಂದಿನ ದೀಪಾವಳಿಗೆ ಅತ್ತೆಯ ಮಗಳು ಅಮ್ಮನ ರಂಗೋಲಿಯನ್ನೇ ಹಾಕಬೇಕೆಂದು ಗುಂಪಿನ ವಿಡಿಯೊ ತೆರೆದಳು. 70 ಎಂಬಿಯೂ ಇರದ ಆ ಪ್ರತಿಯಲ್ಲಿ ಅತ್ತೆ ಇದ್ದರು, ಅಂಗಳ ಇತ್ತು, ಹಿಂದೆ ಕರು ಕೂಗುವುದೂ ಕೇಳುತ್ತಿತ್ತು. ಚುಕ್ಕಿಗಳು ಇರಲಿಲ್ಲ. ಅತ್ತೆ ಬಗ್ಗಿ ಬೆರಳಿನಿಂದ ಹಿಟ್ಟು ಬಿಡುತ್ತಾರೆ, ನೆಲದ ಮೇಲೆ ತೆಳ್ಳಗೆ ಮಂಜು ಹರಡಿದಂತಾಗುತ್ತದೆ. ಸಣ್ಣದನ್ನೆಲ್ಲ ಸೊನ್ನೆ ಮಾಡುವ ಲೆಕ್ಕಕ್ಕೆ ಬೂದು ನೆಲದ ಮೇಲಿನ ಬಿಳಿ ಚುಕ್ಕಿಗಿಂತ ಸುಲಭದ ಬಲಿ ಬೇರೆ ಏನಿದೆ?

ದಾರಿ ಹುಡುಕಿದ್ದು ಆರನೇ ಕ್ಲಾಸಿನ ನನ್ನ ಅಣ್ಣನ ಮಗಳು. ಚುಕ್ಕಿ ಕಾಣದಿದ್ದರೆ ಏನಂತೆ, ಕೈ ಕಾಣುತ್ತದಲ್ಲ ಎಂದಳು. ಮೂವರು ಮಕ್ಕಳು ಕೂತು ಅತ್ತೆಯ ಕೈ ಎಷ್ಟು ಸಲ ಕೆಳಗಿಳಿಯುತ್ತದೆ ಎಂದು ಸಾಲು ಸಾಲಾಗಿ ಎಣಿಸಿದರು. ಒಬ್ಬ ನಿಲ್ಲಿಸಿ ನಿಲ್ಲಿಸಿ ಓಡಿಸುವುದು, ಒಬ್ಬಳು ಎಣಿಸುವುದು, ಒಬ್ಬಳು ಚೌಕಳಿ ಪುಸ್ತಕದಲ್ಲಿ ಗುರುತು ಹಾಕುವುದು. ಒಟ್ಟು 169 ಬರಬೇಕು ಎಂದು ಮೊದಲೇ ಕೂಡಿಟ್ಟುಕೊಂಡಿದ್ದರು. 167 ಬಂತು, ಜಗಳವಾಯಿತು, ಮತ್ತೆ ಎಣಿಸಿದರು. ಗೆರೆಗಳನ್ನೂ ಕೈಯ ಓಟ ನೋಡಿಯೇ ಹಿಡಿದರು. ಹೊರಗಿನ ಸುತ್ತು ಪೂರಾ ಸಿಕ್ಕಿತು. ನಡುವಿನ ಬಳ್ಳಿ ಮಾತ್ರ ಸಿಗಲಿಲ್ಲ. ಅಲ್ಲಿ ಅತ್ತೆ ಕ್ಯಾಮೆರಾಕ್ಕೆ ಬೆನ್ನು ಹಾಕಿದ್ದಾರೆ. ಗೆರೆ ಮೂಡಿದ ಮೇಲಾದರೂ ನೋಡೋಣವೆಂದರೆ ಬರೀ ಬಿಳಿ ಕಲೆ. ಒರಿಜಿನಲ್ ಇದ್ದಿದ್ದರೆ ಅವರು ಎದ್ದು ಪಕ್ಕಕ್ಕೆ ಸರಿದ ಕೊನೆಯ ಅರ್ಧ ನಿಮಿಷದಲ್ಲಿ ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು. ಈಗ ಅಲ್ಲಿ ಮಕ್ಕಳು ತಮಗೆ ತೋಚಿದ ಒಂದು ನಕ್ಷತ್ರ ಹಾಕುತ್ತಾರೆ.

ಅಂದಿನಿಂದ ನಮ್ಮ ಮನೆಗಳಲ್ಲಿ ಕಳಿಸುವುದು ಬೇರೆ, ಇಟ್ಟುಕೊಳ್ಳುವುದು ಬೇರೆ ಎಂದು ಎರಡು ಮಾತಾಗಿದೆ. ನೋಡಿ ನಗುವ ವಿಡಿಯೊ ಹೇಗೆ ಬಂದರೂ ಸರಿ. ಬೆಕ್ಕು ಮಜ್ಜಿಗೆ ಚೆಲ್ಲಿದ್ದಕ್ಕೆ 4ಕೆ ಬೇಡ. ಇಟ್ಟುಕೊಳ್ಳಬೇಕಾದದ್ದು ಬಂದಾಗ ಬೇರೆ ದಾರಿ ಹಿಡಿಯಬೇಕು. ನಾನು ಮಾಡಿ ನೋಡಿರುವ ದಾರಿಗಳನ್ನು ಹೇಳುತ್ತೇನೆ.

ಎಲ್ಲಕ್ಕಿಂತ ಸುಲಭದ್ದು ವಾಟ್ಸ್‌ಆ್ಯಪ್‌ನಲ್ಲೇ ಇದೆ. ವಿಡಿಯೊವನ್ನು ಗ್ಯಾಲರಿಯಿಂದ ಆರಿಸದೆ, ಲಗತ್ತಿಸುವ ಗುರುತು ಒತ್ತಿ 'ಡಾಕ್ಯುಮೆಂಟ್' ಎಂಬುದನ್ನು ಆರಿಸಿ, ಅಲ್ಲಿಂದ ವಿಡಿಯೊ ಹುಡುಕಿ ಕಳಿಸಿ. ಡಾಕ್ಯುಮೆಂಟ್ ಆಗಿ ಹೋದದ್ದನ್ನು ಅದು ಮುಟ್ಟುವುದಿಲ್ಲ, ಇದ್ದದ್ದು ಇದ್ದ ಹಾಗೆ ತಲುಪುತ್ತದೆ. 2022ರಿಂದ ಹೀಗೆ 2 ಜಿಬಿ ವರೆಗೆ ಕಳಿಸಬಹುದು. 2023ರಲ್ಲಿ ಬಂದ 'ಎಚ್‌ಡಿ' ಗುಂಡಿ ಒತ್ತಿದರೆ ಮಾಮೂಲಿಗಿಂತ ಚೆನ್ನಾಗಿರುತ್ತದೆ, ಆದರೆ ಅದೂ ಕುಗ್ಗಿಸಿದ ಪ್ರತಿಯೇ. ಟೆಲಿಗ್ರಾಮ್‌ನಲ್ಲೂ ಫೈಲ್ ಆಗಿ 2 ಜಿಬಿ ವರೆಗೆ ಹೋಗುತ್ತದೆ. ಇಮೇಲ್‌ನ ಆಸೆ ಬಿಡಿ. ಜಿಮೇಲ್‌ನಲ್ಲಿ ಲಗತ್ತಿಸಲು ಬರುವುದು 25 ಎಂಬಿ ಮಾತ್ರ, ಅದು ಫೋನಿನ ವಿಡಿಯೊದಲ್ಲಿ ಅರ್ಧ ನಿಮಿಷವೂ ಆಗಲಿಕ್ಕಿಲ್ಲ. ಕೆಲವರು ಜಿಪ್ ಮಾಡಿ ಕಳಿಸಿದರೆ ಚಿಕ್ಕದಾಗುತ್ತದೆ ಎನ್ನುತ್ತಾರೆ. ಹಿಂಡಿ ಒಣಗಿಸಿದ ಬಟ್ಟೆಯನ್ನು ಮತ್ತೆ ಹಿಂಡಿದರೆ ಎಷ್ಟು ನೀರು ಬಂದೀತು?

ನಿಮ್ಮ ಬಳಿ ಇರುವುದು ಮೂಲವೋ ಕುಗ್ಗಿದ ಪ್ರತಿಯೋ ಎಂದು ತಿಳಿಯಲು ಒಂದು ಗುರುತಿದೆ. ಆಂಡ್ರಾಯ್ಡ್ ಫೋನಿನಲ್ಲಿ ವಿಡಿಯೊದ ವಿವರ ತೆರೆದು ಫೈಲಿನ ಹೆಸರು ನೋಡಿ. ಹೆಸರಿನ ಕೊನೆಯ ಭಾಗದಲ್ಲಿ ಇಂಗ್ಲಿಷಿನ 'ಡಬ್ಲ್ಯು', 'ಎ' ಅಕ್ಷರಗಳಿದ್ದು ಆಮೇಲೆ ಅಂಕಿಗಳಿದ್ದರೆ ಅದು ವಾಟ್ಸ್‌ಆ್ಯಪ್‌ನಿಂದ ಬಂದದ್ದು. ಹೆಸರಿನಲ್ಲಿರುವ ತಾರೀಖು ಕೂಡ ಅದು ವಾಟ್ಸ್‌ಆ್ಯಪ್‌ನಲ್ಲಿ ಬಂದ ದಿನದ್ದು, ತೆಗೆದ ದಿನದ್ದಲ್ಲ. ಹತ್ತು ವರ್ಷದ ಮೇಲೆ 'ಇದು ಯಾವ ವರ್ಷದ ಹಬ್ಬ' ಎಂದು ತಲೆ ಕೆರೆದುಕೊಳ್ಳುವುದು ಇದರಿಂದಲೇ.

ಎರಡು ಜಿಬಿ ದಾಟಿದರೆ, ಅಥವಾ ಹತ್ತು ಮಂದಿಗೆ ಕಳಿಸುವುದಿದ್ದರೆ, ಗೂಗಲ್ ಡ್ರೈವ್‌ನಂಥ ಜಾಗದಲ್ಲಿ ಒಮ್ಮೆ ಏರಿಸಿ ಲಿಂಕ್ ಕೊಡುವುದು ಮೇಲು. ಒಂದು ಖಾತೆಗೆ ಪುಕ್ಕಟೆ ಸಿಗುವುದು 15 ಜಿಬಿ. ಅದರಲ್ಲೇ ಜಿಮೇಲ್ ಬರಬೇಕು, ಫೋಟೊಸ್ ಬರಬೇಕು. 4ಕೆ ವಿಡಿಯೊ ನಿಮಿಷಕ್ಕೆ 170ರಿಂದ 350 ಎಂಬಿ ತಿನ್ನುವುದರಿಂದ ಒಂದು ಗಂಟೆಯ ಗೃಹಪ್ರವೇಶವೇ ಪೂರಾ ಜಾಗ ನುಂಗಿಬಿಡಬಹುದು. ಗೂಗಲ್ ಫೋಟೊಸ್‌ಗೆ ಎಷ್ಟು ಹಾಕಿದರೂ ಪುಕ್ಕಟೆ ಎಂದು ಇನ್ನೂ ನಂಬಿರುವವರಿದ್ದಾರೆ. ಅದು 2021ರ ಜೂನ್ 1ಕ್ಕೇ ಮುಗಿಯಿತು. ಅಲ್ಲಿ 'ಸ್ಟೋರೇಜ್ ಸೇವರ್' ಎಂದು ಇಟ್ಟಿದ್ದರೆ ವಿಡಿಯೊ ಕುಗ್ಗಿಯೇ ಕೂರುತ್ತದೆ. ಇಡಬೇಕಾದದ್ದನ್ನು 'ಒರಿಜಿನಲ್ ಕ್ವಾಲಿಟಿ'ಯಲ್ಲಿ ಇಡಿ.

ಡ್ರೈವ್ ಲಿಂಕ್ ಕಳಿಸಿದ ಮೇಲೆ ಬರುವ ಮೊದಲ ಫೋನ್ ಕರೆ ಯಾವುದೆಂದರೆ, "ಇಲ್ಲೂ ಮಸುಕಾಗೇ ಇದೆಯಲ್ಲ!" ಅಲ್ಲೇ ಒತ್ತಿ ನೋಡಿದರೆ ಕಾಣುವುದು ಡ್ರೈವ್ ತಾನೇ ತಯಾರಿಸಿದ ಹಗುರ ಪ್ರತಿ. ಈಗಷ್ಟೇ ಏರಿಸಿದ್ದಾದರೆ ಅದೂ ಸಿದ್ಧವಾಗಿರುವುದಿಲ್ಲ. ಡೌನ್‌ಲೋಡ್ ಮಾಡಿಕೊಂಡರೆ ಮೂಲ ಸಿಗುತ್ತದೆ. ಟೊರಾಂಟೊದಲ್ಲಿರುವ ತಮ್ಮನಿಗೆ ಇದನ್ನು ಒಂದು ಸಾಲಿನಲ್ಲಿ ಬರೆದರೆ ಸಾಕಾಯಿತು. ನಮ್ಮ ದೊಡ್ಡಮ್ಮನಿಗೆ ಅರ್ಥ ಮಾಡಿಸಲು ಒಂದು ಮಧ್ಯಾಹ್ನ ಬೇಕಾಯಿತು. ಈಗ ಅವರೇ ಊರಿನಲ್ಲಿ ಬೇರೆಯವರಿಗೆ ಹೇಳಿಕೊಡುತ್ತಾರೆ.

ಇನ್ನು ಹೊತ್ತಿನ ಲೆಕ್ಕ. ಕಂಪನಿಯವರು ಹೇಳುವ ವೇಗ ಮೆಗಾಬಿಟ್‌ನಲ್ಲಿ, ಫೈಲಿನ ತೂಕ ಮೆಗಾಬೈಟ್‌ನಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಅದಲ್ಲದೆ ಮೊಬೈಲ್ ನೆಟ್‌ವರ್ಕಿನಲ್ಲಿ ಇಳಿಸಿಕೊಳ್ಳುವ ವೇಗಕ್ಕಿಂತ ಏರಿಸುವ ವೇಗ ಬಹಳ ಕಡಿಮೆ ಇರುತ್ತದೆ. ಏರಿಸುವ ವೇಗ ಸೆಕೆಂಡಿಗೆ 4 ಮೆಗಾಬಿಟ್ ಇದ್ದರೆ 2 ಜಿಬಿ ವಿಡಿಯೊಗೆ ಒಂದು ಗಂಟೆಯ ಮೇಲೆ ಏಳೆಂಟು ನಿಮಿಷ ಬೇಕು. ಅದೂ ಸಿಗ್ನಲ್ ಕಡಿಯದಿದ್ದರೆ. ಸಿಗ್ನಲ್ ಹುಡುಕಿ ಗುಡ್ಡ ಹತ್ತುವ ಮಲೆನಾಡಿನವರಿಗೆ ನಾನು ಹೇಳಬೇಕಾದ್ದೇನೂ ಇಲ್ಲ. ಅವರು ಪೇಟೆಗೆ ಹೋದಾಗ ನೆಂಟರ ಮನೆಯ ವೈಫೈಯಲ್ಲಿ ರಾತ್ರಿಯಿಡೀ ಏರಲು ಬಿಟ್ಟು ಬೆಳಿಗ್ಗೆ ಫೋನ್ ತೆಗೆದುಕೊಳ್ಳುವ ಜಾಣರು. ಎಷ್ಟು ಹೊತ್ತಾದರೂ ಒಂದಿಷ್ಟೂ ಏರದಿದ್ದರೆ ಡ್ರೈವ್ ಆ್ಯಪ್‌ನ ಸೆಟ್ಟಿಂಗ್ಸ್ ನೋಡಿ. 'ವೈಫೈ ಇದ್ದಾಗ ಮಾತ್ರ' ಎಂಬುದು ಆನ್ ಆಗಿದ್ದರೆ ಅದು ಬರದ ವೈಫೈಗೆ ಕಾಯುತ್ತ ಕೂತಿರುತ್ತದೆ.

ಎಲ್ಲರೂ ಒಂದೇ ಚಪ್ಪರದ ಕೆಳಗೆ ಇರುವಾಗ ಇಂಟರ್ನೆಟ್ಟೇ ಬೇಡ. ಆಂಡ್ರಾಯ್ಡ್‌ನ ಕ್ವಿಕ್ ಶೇರ್, ಐಫೋನಿನ ಏರ್‌ಡ್ರಾಪ್ ಪಕ್ಕದಲ್ಲಿರುವ ಫೋನಿಗೆ ನೇರವಾಗಿ ದಾಟಿಸುತ್ತವೆ, ಗುಣಮಟ್ಟ ಕೆಡುವುದಿಲ್ಲ. ನೆಂಟರು ಬಸ್ಸು ಹತ್ತುವ ಮೊದಲೇ ಮುಗಿಸಿಬಿಡಬಹುದು.

ಪೆನ್‌ಡ್ರೈವ್‌ಗೂ ಒಂದು ವಿಚಿತ್ರ ಹಠವಿದೆ. 32 ಜಿಬಿಯ ಪೆನ್‌ಡ್ರೈವ್ ಖಾಲಿ ಇದೆ, ಮದುವೆಯ 6 ಜಿಬಿ ಫೈಲು ಹಾಕಲು ಹೋದರೆ 'ತುಂಬಾ ದೊಡ್ಡದು' ಎನ್ನುತ್ತದೆ. ಪೆನ್‌ಡ್ರೈವ್ ಕೆಟ್ಟಿಲ್ಲ. ಅದರೊಳಗಿನ ಫ್ಯಾಟ್32 ಎಂಬ ಹಳೆಯ ಲೆಕ್ಕದ ಪದ್ಧತಿಯಲ್ಲಿ ಒಂದೇ ಫೈಲು 4 ಜಿಬಿ ಮುಟ್ಟುವಂತಿಲ್ಲ. ಕಂಪ್ಯೂಟರಿನಲ್ಲಿ ಅದನ್ನು ಎಕ್ಸ್‌ಫ್ಯಾಟ್ ಎಂದು ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ. ಹಾಗೆ ಮಾಡಿದಾಗ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಮೊದಲೇ ಬೇರೆ ಕಡೆ ತೆಗೆದಿಟ್ಟುಕೊಳ್ಳಿ.

ಯೂಟ್ಯೂಬಿಗೆ ಹಾಕಿದರಾಯಿತಲ್ಲ ಎನ್ನುವವರು ಪ್ರತಿ ಮನೆಯಲ್ಲೂ ಇರುತ್ತಾರೆ. ನೋಡಲು ಅದು ಅನುಕೂಲವೇ, ಊರಿನ ಟೀವಿಯಲ್ಲೂ ಬರುತ್ತದೆ. ಆದರೆ ಅದು ತೋರಿಸುವ ಜಾಗ. ಅಲ್ಲಿ ಹಾಕಿದ ಮೂಲ ಫೈಲು ಹಾಗೇ ವಾಪಸ್ ಸಿಗುತ್ತದೆ ಎಂಬ ಖಾತ್ರಿಯಿಲ್ಲ. ಹಿನ್ನೆಲೆಗೆ ಸಿನಿಮಾ ಹಾಡು ಇದ್ದರೆ ಹಕ್ಕಿನ ತಕರಾರು ಬಂದು ಕೆಲವು ದೇಶಗಳಲ್ಲಿ ವಿಡಿಯೊ ಕಾಣದೆಯೂ ಹೋಗಬಹುದು. ಹಾಕುವುದೇ ಆದರೆ 'ಪಬ್ಲಿಕ್' ಬಿಟ್ಟು 'ಅನ್‌ಲಿಸ್ಟೆಡ್' ಅಥವಾ 'ಪ್ರೈವೇಟ್' ಎಂದು ಇಡಿ. ಅನ್‌ಲಿಸ್ಟೆಡ್ ಹುಡುಕಿದರೆ ಸಿಗುವುದಿಲ್ಲ, ಆದರೆ ಲಿಂಕ್ ಸಿಕ್ಕ ಯಾರಾದರೂ ನೋಡಬಹುದು. ಪ್ರೈವೇಟ್ ಎಂದರೆ ನೀವು ಇಮೇಲ್ ಕೊಟ್ಟು ಕರೆದವರು ಮಾತ್ರ, ಅವರೂ ಗೂಗಲ್ ಖಾತೆಯಿಂದ ಒಳಗೆ ಬರಬೇಕು. ಡ್ರೈವ್‌ನಲ್ಲೂ ಇದೇ ಭೇದವಿದೆ. 'ಲಿಂಕ್ ಇರುವ ಯಾರಾದರೂ' ಎಂದು ಕೊಟ್ಟ ವಿಡಿಯೊ ಸೋದರಮಾವನಿಂದ ಅವರ ಆಫೀಸಿನ ಗುಂಪಿಗೂ ದಾಟಬಹುದು. ಅವರ ಪ್ರೀತಿಗೆ ಎಲ್ಲೆ ಇಲ್ಲ, ಲಿಂಕಿಗೂ ಇಲ್ಲ.

ಈ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯವಿದೆ. ಮಗುವಿನ ಎಣ್ಣೆ ಸ್ನಾನ, ಶಾಲೆಯ ಹೆಸರಿರುವ ಬ್ಯಾಡ್ಜು, ಮನೆಯ ಮುಂದಿನ ಬೋರ್ಡು, ಇವು ಕಾಣುವ ವಿಡಿಯೊಗೆ ತೆರೆದ ಲಿಂಕ್ ಬೇಡವೇ ಬೇಡ. ಮಕ್ಕಳನ್ನೂ ಒಂದು ಮಾತು ಕೇಳಬೇಕು. ನೆಂಟರ ಮನೆಯಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬ ವೇದಿಕೆಯ ಮೇಲೆ ಮಾತು ಮರೆತು ಅಳುವ ವಿಡಿಯೊ ಮೂರು ಗುಂಪುಗಳಲ್ಲಿ ಸುತ್ತಿ ಬಂತು. ದೊಡ್ಡವರಿಗೆಲ್ಲ ಮುದ್ದು. ಅವನು ಆ ವರ್ಷ ಯಾವ ಮದುವೆಗೂ ಬರಲು ಒಪ್ಪಲಿಲ್ಲ.

ಇಟ್ಟುಕೊಳ್ಳುವ ವಿಷಯಕ್ಕೆ ಮತ್ತೆ ಬರುತ್ತೇನೆ. ನಾವು ಈಗ ಮಾಡುವುದು ಇಷ್ಟೇ. ಮೂಲ ಫೈಲುಗಳು ಊರಿನ ಅಣ್ಣನ ಮನೆಯ ಹಾರ್ಡ್ ಡಿಸ್ಕಿನಲ್ಲಿ ಒಂದು ಪ್ರತಿ, ಮೈಸೂರಿನಲ್ಲಿ ನನ್ನ ಹತ್ತಿರ ಒಂದು ಪ್ರತಿ, ತೀರಾ ಮುಖ್ಯವಾದವು ಡ್ರೈವ್‌ನಲ್ಲಿ. ಒಂದು ಮನೆಗೆ ಸಿಡಿಲು ಹೊಡೆದರೂ ಇನ್ನೊಂದು ಉಳಿಯುತ್ತದೆ. ಫೈಲಿಗೆ ವರ್ಷ, ಹಬ್ಬ, ಮನೆಯ ಹೆಸರು ಬರೆಯುವ ಕೆಲಸ ಅಣ್ಣನ ಮಗಳದ್ದು. ಎರಡೂ ಕಡೆ ತೆರೆದು ನೋಡುವವರೆಗೆ ಫೋನಿನಲ್ಲಿರುವುದನ್ನು ಅಳಿಸುವ ಹಾಗಿಲ್ಲ ಎಂಬ ಕಾನೂನೂ ಅವಳದ್ದೇ. ಅವಳ ಮುಂದೆ ಯಾರದ್ದೂ ನಡೆಯುವುದಿಲ್ಲ.

ಡ್ರೈವ್‌ನಲ್ಲಿ ಇದೆಯಲ್ಲ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಎರಡು ವರ್ಷ ಮುಟ್ಟದೆ ಬಿಟ್ಟ ವೈಯಕ್ತಿಕ ಖಾತೆಯನ್ನು ಒಳಗಿದ್ದದ್ದರ ಸಮೇತ ಅಳಿಸಬಹುದು ಎಂದು ಗೂಗಲ್ 2023ರಲ್ಲಿ ನಿಯಮ ಮಾಡಿದೆ. ಹಿರಿಯರು ತೀರಿಕೊಂಡಾಗ ಅವರ ಪಾಸ್‌ವರ್ಡ್ ಯಾರಿಗೂ ಗೊತ್ತಿರುವುದಿಲ್ಲ. ಇದಕ್ಕೆಂದೇ ಖಾತೆಯ ಸೆಟ್ಟಿಂಗ್ಸ್‌ನಲ್ಲಿ 'ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್' ಎಂಬುದಿದೆ, 2013ರಿಂದಲೇ ಇದೆ. ಖಾತೆ ಇಷ್ಟು ತಿಂಗಳು ಸುಮ್ಮನಿದ್ದರೆ ಇಂಥವರಿಗೆ ತಿಳಿಸಿ, ಒಳಗಿರುವುದನ್ನು ಅವರಿಗೆ ಕೊಡಿ ಎಂದು ಮೊದಲೇ ಬರೆದಿಡಬಹುದು. ಹತ್ತು ಮಂದಿಯವರೆಗೆ ಹೆಸರಿಸಬಹುದು. ಐಫೋನಿನವರಿಗೆ 'ಲೆಗಸಿ ಕಾಂಟ್ಯಾಕ್ಟ್' ಎಂದಿದೆ.

ಹೋದ ತಿಂಗಳು ಊರಿಗೆ ಹೋದಾಗ ಅಪ್ಪನ ಖಾತೆಗೆ ಇದನ್ನು ಮಾಡಿಕೊಟ್ಟೆ. ಯಾರ ಹೆಸರು ಹಾಕಲಿ ಎಂದರೆ ಅಪ್ಪ ಯೋಚಿಸದೆ ಮೊಮ್ಮಗಳನ್ನು ತೋರಿಸಿದರು. ಒಳಗೆ ಏನಿದೆ ಎಂದು ನೋಡಿದರೆ 31 ವಿಡಿಯೊಗಳು, ಅದರಲ್ಲಿ 20 ತೋಟದ ಪಂಪ್‌ಸೆಟ್ಟಿನವು. ಮೆಕ್ಯಾನಿಕ್‌ಗೆ ಕಳಿಸಲು ತೆಗೆದವು.

"ಇದನ್ನೆಲ್ಲ ಅಳಿಸಿಬಿಡು. ಪಂಪು ಓಡೋದನ್ನ ನಾಳೆ ಯಾರು ನೋಡ್ತಾರೆ?" ಎಂದರು ಅಪ್ಪ.

"ಅಜ್ಜ, ಅದೊಂದನ್ನೂ ಮುಟ್ಟಬೇಡಿ" ಎಂದು ಅವಳು ಫೋನು ಕಸಿದುಕೊಂಡಳು. "ಅದರಲ್ಲಿ ನೀವು ಪಂಪಿಗೆ ಬಯ್ಯೋದು ಕೇಳ್ಸತ್ತೆ."